ಹಿಂಬದಿಯ ಮೂರು ಮೀಟರ್

ನಮ್ಮ ನಗರಸಭೆ ಹೊಸ ಮನೆಗಳಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿದ ದಿನ, ಆ ಸುದ್ದಿಯನ್ನು ನನ್ನ ಹೆಂಡತಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಠರಾವನ್ನು ಮಧ್ಯಾಹ್ನವೇ ಓದಿದ್ದೆ. ನಗರದ ಭೂಬಳಕೆ ನಕ್ಷೆ ಹಳೆಯದಾಗಿದೆ; ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಬಯಲು ಎಂದು ಹೊಸದಾಗಿ ತೀರ್ಮಾನಿಸಬೇಕು; ಅದು ಮುಗಿಯುವವರೆಗೆ, ಕನಿಷ್ಠ ಒಂದು ವರ್ಷ, ವಾಸದ ಮನೆ ಕಟ್ಟಲು ಯಾರಿಗೂ ಹೊಸ ಪರವಾನಗಿ ಇಲ್ಲ. ಈಗಾಗಲೇ ಪರವಾನಗಿ ಪಡೆದವರ ಪಾಯ ಈ ತಿಂಗಳ ಹದಿನೈದರ ಸಂಜೆಯೊಳಗೆ ನಾಲ್ಕೂ ಬದಿಯಲ್ಲಿ ನೆಲದಿಂದ ಮೇಲೆದ್ದಿದ್ದು, ಒಪ್ಪಿಗೆಯಾದ ನಕ್ಷೆಯಂತೆಯೇ ಇದ್ದರೆ ಅವರು ಮುಂದುವರಿಸಬಹುದು. ಉಳಿದವರು ಕಾಯಬೇಕು.

ಉಳಿದವರಲ್ಲಿ ನಾನೂ ಒಬ್ಬ. ಅದೇ ನಗರಸಭೆಯ ಯೋಜನಾ ವಿಭಾಗದಲ್ಲಿ ನಾನು ಸರ್ವೆಯರ್. ಹಗಲು ಟೇಪು ಹಿಡಿದು, ಸಂಜೆ ಕ್ಲಾಸಿನಲ್ಲಿ ಓದಿ ಸರ್ಟಿಫಿಕೇಟು ಪಡೆದವನು. ಅದಕ್ಕೋ ಏನೋ, ಹಗಲು ಕಾಲೇಜಿನಲ್ಲಿ ಕಲಿತವರು ಒಮ್ಮೆ ನೋಡುವ ಅಂಕಿಯನ್ನು ನಾನು ಮೂರು ಸಲ ನೋಡುತ್ತೇನೆ. ಮೂರನೆಯ ಸಲವೂ ಅನುಮಾನ ಪೂರ್ತಿ ಹೋಗುವುದಿಲ್ಲ.

"ಹಾಗಾದ್ರೆ ನಮ್ದು?" ಎಂದಳು ಹೆಂಡತಿ. ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಕಾಯ್ಬೇಕು."

"ತಂಗೀದು?"

"ಅವರ ಪಾಯ ಎದ್ದಿದೆಯಲ್ಲ. ನಡೆಯುತ್ತೆ."

ನನ್ನ ಅಂಗಿಯ ತೋಳನ್ನು ಹಿಂದಕ್ಕೆ ಮಡಚಿ, ಕಾಲರನ್ನು ಒತ್ತಿ ಒತ್ತಿ ಸರಿಮಾಡಿದಳು. "ಆಫೀಸಲ್ಲಿರೋರು ನೀವು, ಮನೆ ಕಟ್ಟೋರು ಅವ್ರು," ಎಂದಳು. ಕೋಪವಿರಲಿಲ್ಲ. ತರಕಾರಿಯ ದರ ಹೇಳಿದ ಹಾಗೆ ಹೇಳಿದಳು. ಕೋಪ ಮಾಡಿಕೊಂಡಿದ್ದರೆ ನಾನೂ ಒಂದೆರಡು ಮಾತಾಡಿ ಹಗುರವಾಗುತ್ತಿದ್ದೆ.

ಅವಳ ಮಾತು ಸುಳ್ಳಲ್ಲ. ಅಕ್ಕತಂಗಿ ಇಬ್ಬರೂ ಹಟ ಹಿಡಿದು ಒಂದೇ ಸಾಲಿನಲ್ಲಿ ಎರಡು ಸೈಟು ಕೊಳ್ಳಿಸಿ ಒಂಬತ್ತು ವರ್ಷವಾಗಿತ್ತು. ನಡುವೆ ಮೂರು ಖಾಲಿ ಸೈಟು. ಭೂಬಳಕೆ ನಕ್ಷೆ ಬದಲಾಗಲಿದೆ ಎಂಬ ಗಾಳಿಮಾತು ಕಚೇರಿಯಲ್ಲಿ ಎರಡು ವರ್ಷದಿಂದ ಓಡಾಡುತ್ತಿತ್ತು. ನಾಳೆ ಆ ಸಾಲು ಅಂಗಡಿಬೀದಿಯಾದರೆ, ಪಾರ್ಕಾದರೆ ಗತಿಯೇನು ಎಂದು ನಾನು ಅರ್ಜಿ ಹಾಕದೆ ಕಾದೆ. ತಿಳಿದವನೆಂದು ಕಾದೆ. ನನ್ನ ಷಡ್ಡಕ, ನಾದಿನಿಯ ಗಂಡ, ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಅವನಿಗೆ ಗಾಳಿಮಾತು ಮುಟ್ಟಿರಲಿಲ್ಲ. ಒಂದು ಸೋಮವಾರ ರಜೆ ಹಾಕಿ ಬಂದು ಅರ್ಜಿ ಕೊಟ್ಟ. ಆರು ವಾರಕ್ಕೆ ಪರವಾನಗಿ ಕೈಗೆ ಬಂತು.

"ಅಣ್ಣ, ನೀವೂ ಹಾಕ್ಬಿಡಿ. ಇಬ್ರೂ ಒಟ್ಟಿಗೇ ಕಲ್ಲು ತರಿಸೋಣ," ಎಂದಿದ್ದ.

"ಸ್ವಲ್ಪ ತಡಿ, ವಿಚಾರ ಮಾಡ್ಬೇಕು," ಎಂದಿದ್ದೆ. ನಾನು ವಿಚಾರ ಮಾಡುತ್ತಿದ್ದ ಹಾಗೇ ಅವನ ಕಲ್ಲು ಬಂತು.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಯಾರ ಮನೆಗೆ ಹೋದರೂ ಕೆಟ್ಟ ಫ್ಯಾನು, ಸೋರುವ ನಲ್ಲಿ ಸರಿಮಾಡಿಯೇ ಬರುತ್ತಾನೆ. ನನ್ನ ಮಗಳು ಅಂಕಪಟ್ಟಿ ಬಂದರೆ ಮೊದಲು ಅವನಿಗೆ ಫೋನು ಮಾಡುತ್ತಾಳೆ, ಏಕೆಂದರೆ ನಾನು ಹೋದ ಅಂಕಗಳನ್ನು ಎಣಿಸುತ್ತೇನೆ, ಅವನು ಬಂದವನ್ನು. ನನಗಿಂತ ಆರು ವರ್ಷ ಚಿಕ್ಕವನು. ಅವನ ಒಳ್ಳೆಯತನ ನೋಡಿ ನೋಡಿ ನನ್ನ ಹೊಟ್ಟೆಯೊಳಗೆ ಸಣ್ಣಗೆ ಏನೋ ಸುಡುತ್ತಲೇ ಇತ್ತು.

ಇತ್ತೀಚೆಗೆ ಹೆಚ್ಚು ಸುಟ್ಟದ್ದು ಅವನ ಅಡುಗೆಮನೆ. ಪಾಯ ನೋಡಿ ಬಂದಾಗಲೆಲ್ಲ ಹೆಂಡತಿ ಅದನ್ನೇ ಹೇಳುತ್ತಿದ್ದಳು. "ನಾಲ್ಕು ಜನ ನಿಂತು ಕೆಲಸ ಮಾಡ್ಬಹುದು ರೀ. ಇಲ್ಲಿ ನಾನು ತಿರುಗಿದ್ರೆ ಮೊಣಕೈ ಡಬ್ಬಕ್ಕೆ ತಾಗುತ್ತೆ." ನಾನೂ ಹೋಗಿ ನೋಡಿದ್ದೆ. ನಕ್ಷೆಯ ಪ್ರಕಾರ ಅದು ಸಾಧಾರಣ ಕೋಣೆ. ಆದರೆ ಕಲ್ಲಿನ ಗೆರೆಯೊಳಗೆ ನಿಂತಾಗ ಪಡಸಾಲೆಯ ಹಾಗೆ ಕಂಡಿತು. ಹೊಟ್ಟೆ ಉರಿಯುವವನ ಕಣ್ಣಿಗೆ ಇನ್ನೊಬ್ಬರದು ದೊಡ್ಡದಾಗಿಯೇ ಕಾಣುವುದು ಎಂದು ನನ್ನನ್ನೇ ಬೈದುಕೊಂಡು ಮನೆಗೆ ಬಂದಿದ್ದೆ.

ಒಂಬತ್ತನೆಯ ತಾರೀಖು ನಮ್ಮ ಮೇಡಂ ಸರ್ವೆಯರುಗಳನ್ನು ಕರೆದು ಅಳೆಯಬೇಕಾದ ಪಾಯಗಳ ಪಟ್ಟಿ ಹಂಚಿದರು. "ಸಂಬಂಧಿಕರ ಸೈಟು ಇದ್ರೆ ಈಗ್ಲೇ ಹೇಳಿ, ಬೇರೆಯವರಿಗೆ ಕೊಡ್ತೀನಿ," ಎಂದರು. ನನ್ನ ಪಟ್ಟಿಯ ಏಳನೆಯ ಹೆಸರು ಷಡ್ಡಕನದು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಷಡ್ಡಕ ಎಂದರೆ ರಕ್ತಸಂಬಂಧವಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಿಜ ಬೇರೆ ಇತ್ತು. ಅವನ ಪಾಯವನ್ನು ಅಧಿಕಾರದಿಂದ, ಟೇಪು ಹಿಡಿದು, ಮೂಲೆ ಮೂಲೆ ನೋಡುವ ಆಸೆ ನನಗಿತ್ತು. ಎಲ್ಲೋ ಒಂದು ಕೊರತೆ ಕಂಡೀತು ಎಂಬ ಆಸೆ.

ಮರುದಿನ ಹೋದೆ. ನನ್ನೊಂದಿಗೆ ಬರಬೇಕಾಗಿದ್ದ ಸಹೋದ್ಯೋಗಿ ಹಲ್ಲುನೋವೆಂದು ರಜೆ ಹಾಕಿದ್ದ. ಟೇಪಿನ ಆಚೆ ತುದಿ ಹಿಡಿಯಲು ಷಡ್ಡಕನೇ ಬಂದ.

"ಟೀ ಮೊದ್ಲೋ, ಟೇಪು ಮೊದ್ಲೋ?" ಎಂದ.

"ಟೇಪು."

"ನಿಮ್ಮ ಮುಖ ನೋಡಿದ್ರೆ ನಂಗೇ ಭಯ ಆಗ್ತಿದೆ ಅಣ್ಣ. ನಗ್ತಾ ಅಳೆದ್ರೆ ಅಂಕಿ ಬದಲಾಗುತ್ತಾ?"

ಮುಂಬದಿ ಸರಿಯಿತ್ತು. ಎರಡು ಪಕ್ಕವೂ ಸರಿಯಿತ್ತು. ಒಂದೊಂದು ಅಂಕಿ ಸರಿ ಬಂದಾಗಲೂ ನನಗೆ ಸಣ್ಣ ನಿರಾಸೆ. ಉಳಿದದ್ದು ಹಿಂಬದಿ. ಅಲ್ಲಿ ದೊಡ್ಡ ಮೋರಿ ಹರಿಯುತ್ತದೆ. ಮೋರಿಯ ಅಂಚಿನಿಂದ ಮನೆಯ ಗೋಡೆಗೆ ಮೂರು ಮೀಟರ್ ಬಿಟ್ಟಿರಬೇಕು. ಅವನು ಮೋರಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ತುದಿ ಹಿಡಿದ. ನಾನು ಟೇಪು ಬಿಗಿಮಾಡಿ ಪಾಯದ ಕಲ್ಲಿಗೆ ತಾಗಿಸಿ ನೋಡಿದೆ. ಎರಡು.

"ಸೊನ್ನೆ ಸರಿಯಾಗಿ ಹಿಡಿದಿದೀಯಾ?"

"ಹಿಡಿದಿದೀನಿ ಅಣ್ಣ. ಸೊನ್ನೆ ಹಿಡಿಯೋದು ನಂಗೆ ಸ್ಕೂಲಿಂದ ಅಭ್ಯಾಸ."

ಇನ್ನೊಂದು ಮೂಲೆಯಲ್ಲಿ ಅಳೆದೆ. ಎರಡು. ನಡುವೆ ಅಳೆದೆ. ಎರಡು.

ಮೊದಲು ಬಂದದ್ದು ಸಂತೋಷ. ಮುಚ್ಚಿಟ್ಟು ಪ್ರಯೋಜನವಿಲ್ಲ. ಎದೆಯಲ್ಲಿ ಯಾರೋ ಕಿಟಕಿ ತೆಗೆದ ಹಾಗಾಯಿತು. ಒಂದು ಮೀಟರ್ ಕಡಿಮೆ. ನಕ್ಷೆಯಂತಿಲ್ಲ. ಕೆಲಸ ನಿಲ್ಲುತ್ತದೆ, ತಿದ್ದಿದ ನಕ್ಷೆ ಹಾಕೋಣವೆಂದರೆ ಹೊಸ ಪರವಾನಗಿಯೇ ಇಲ್ಲ. ಅವನೂ ಕಾಯಬೇಕು, ನನ್ನ ಹಾಗೆ, ಒಂದೇ ಸಾಲಿನಲ್ಲಿ. ಅಡುಗೆಮನೆ ನನ್ನ ಕಣ್ಣಿಗೆ ದೊಡ್ಡದಾಗಿ ಕಂಡದ್ದೂ ಸುಳ್ಳಲ್ಲ. ಅದು ನಿಜಕ್ಕೂ ಒಂದು ಮೀಟರ್ ದೊಡ್ಡದಿತ್ತು.

ಆಮೇಲೆ ನೆನಪಾಯಿತು. ಆ ಗೋಡೆಯ ಗೂಟ ನೆಟ್ಟವನು ನಾನೇ.

ಮೂರು ತಿಂಗಳ ಹಿಂದೆ ಒಂದು ಭಾನುವಾರ, ಅವನು ಕೇಳಿದನೆಂದು, ನನ್ನ ಹಳೆಯ ಬಟ್ಟೆಟೇಪು ತಂದು ನಾಲ್ಕು ಮೂಲೆ ಗುರುತು ಮಾಡಿಕೊಟ್ಟಿದ್ದೆ. ಆ ಟೇಪಿನ ತುದಿ ಸವೆದು ಹರಿದಿತ್ತು. ಅಂಥ ಟೇಪನ್ನು ನಾವು ಎಸೆಯುವುದಿಲ್ಲ. ಸೊನ್ನೆಯ ಬದಲು ಒಂದರ ಗೆರೆಯನ್ನು ಹಿಡಿದು, ಬಂದ ಅಂಕಿಯಲ್ಲಿ ಒಂದು ಕಳೆಯುತ್ತೇವೆ. ಮೂರು ಬೇಕಿದ್ದರೆ ನಾಲ್ಕಕ್ಕೆ ಗೂಟ ಹೊಡೆಯಬೇಕು. ಮುಂಬದಿಯಲ್ಲಿ, ಪಕ್ಕಗಳಲ್ಲಿ ಹಾಗೆಯೇ ಮಾಡಿದ್ದೆ. ಹಿಂಬದಿಗೆ ಬಂದಾಗ ಅಕ್ಕತಂಗಿ ಇಬ್ಬರೂ ಅಡುಗೆಮನೆಯ ಜಾಗದಲ್ಲಿ ನಿಂತು ಒಲೆ ಇಲ್ಲಿ, ಕಪಾಟು ಅಲ್ಲಿ ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ತಂಗಿಯ ಕಪಾಟಿಗೆ ನನ್ನ ಹೆಂಡತಿ ಜಾಗ ತೋರಿಸುತ್ತಿದ್ದಳು. ಅದನ್ನು ನೋಡುತ್ತ, ಒಮ್ಮೆ ಮುಗಿಸಿ ಮನೆಗೆ ಹೋದರೆ ಸಾಕೆಂದು, ಮೂರರ ಗೆರೆಗೇ ಗೂಟ ಹೊಡೆದಿದ್ದೆ. ಯಾವ ಅಳತೆಯನ್ನೂ ಎರಡೂ ಕಡೆಯಿಂದ ಅಳೆದು ತಾಳೆ ನೋಡಬೇಕೆಂಬುದು ಸಂಜೆ ಕ್ಲಾಸಿನ ಮೊದಲ ಪಾಠ. ಅವತ್ತು ನೋಡಿರಲಿಲ್ಲ.

"ಎಷ್ಟಣ್ಣ?" ಎಂದು ಮೋರಿಯ ಕಡೆಯಿಂದ ಕೇಳಿದ.

"ಬರ್ಕೊಂಡೆ."

"ಸರಿ ಇದೆ ತಾನೆ?"

"ಆಫೀಸಿಂದ ತಿಳಿಸ್ತಾರೆ."

ಅಳತೆ ಪುಸ್ತಕದಲ್ಲಿ ಶಾಯಿಯಿಂದ ಎರಡು ಎಂದು ಬರೆದೆ. ಷರಾ ಎಂಬ ಅಂಕಣವನ್ನು ಖಾಲಿ ಬಿಟ್ಟೆ. ನಾದಿನಿ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಕಲ್ಲಿನ ಮೇಲೆ ಕೂತು ಕುಡಿದೆ. "ಭಾವ, ನಿಮ್ದೂ ಶುರುವಾಗಿದ್ರೆ ಎಷ್ಟು ಚೆನ್ನಾಗಿತ್ತು," ಎಂದಳು. ನಾನು ತಲೆಯಾಡಿಸಿದೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬರೆದ ಅಂಕಿ ಸತ್ಯ. ಅದರಲ್ಲಿ ಒಂದು ಸೆಂಟಿಮೀಟರ್ ಸುಳ್ಳಿಲ್ಲ. ಗೂಟ ಯಾರು ನೆಟ್ಟರೆಂದು ಕೇಳುವ ಅಂಕಣವೇ ಪುಸ್ತಕದಲ್ಲಿಲ್ಲ. ನಾನು ಏನನ್ನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಇಷ್ಟು ಪ್ರಾಮಾಣಿಕವಾಗಿ ಇನ್ನೊಬ್ಬರ ಮನೆ ನಿಲ್ಲಿಸುವ ಅವಕಾಶ ಯಾರಿಗೆ ಸಿಗುತ್ತದೆ?

ಸಂಜೆ ಹೆಂಡತಿ ಕೇಳಿದಳು. "ಅವರದು ಅಳೆದ್ರಾ?"

"ಹಿಂಬದಿ ಕಡಿಮೆ ಬಂದಿದೆ. ನಿಲ್ಲಿಸ್ಬಹುದು."

ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. ತುಟಿಯ ಕೊನೆ ಸ್ವಲ್ಪ ಮೇಲಕ್ಕೆ ಹೋಗಿ, ಹೋದದ್ದು ಗೊತ್ತಾಗಿ ಕೆಳಗಿಳಿಯಿತು. ಮೋರಿಯ ಪಕ್ಕದಲ್ಲಿ ನನ್ನ ಮುಖವೂ ಹೀಗೇ ಆಗಿದ್ದಿರಬೇಕು. ಇನ್ನೊಬ್ಬರ ಮುಖದಲ್ಲಿ ನೋಡಲು ಅದು ಚೆನ್ನಾಗಿರಲಿಲ್ಲ.

"ಗೂಟ ನೀವೇ ಅಲ್ವಾ ನೆಟ್ಟಿದ್ದು?" ಎಂದಳು.

"ಹೌದು. ತಪ್ಪು ನಂದೇ. ಒಂದು ಕಳೀಲಿಲ್ಲ."

"ಅವರಿಗೆ ಹೇಳಿದ್ರಾ?"

"ಇಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ನಮ್ಮ ಅಡುಗೆಮನೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. "ನಮ್ದಿಲ್ಲ ಅಂದ್ಮೇಲೆ ಅವಳ್ದೂ ಬೇಡ ಅಂತ ನಂಗೂ ಒಂದ್ಸಲ ಅನ್ನಿಸ್ತು," ಎಂದಳು. "ಈಗ ತಾನೆ. ಒಂದೇ ಸಲ."

"ನಂಗೆ ಮಧ್ಯಾಹ್ನದಿಂದ ಅನ್ನಿಸ್ತಾನೇ ಇದೆ."

"ಅವಳು ನನ್ ತಂಗಿ ರೀ."

"ಗೊತ್ತು."

"ಹೋಗಿ ಹೇಳಿ. ನಾನಂತೂ ಹೇಳಲ್ಲ. ನನ್ ಮುಖ ನೋಡಿದ್ರೆ ಅವಳಿಗೆ ಎಲ್ಲಾ ಗೊತ್ತಾಗ್ಬಿಡುತ್ತೆ."

ಬೆಳಿಗ್ಗೆ ಕಚೇರಿಗೆ ಮೊದಲು ಸೈಟಿಗೆ ಹೋದೆ. ಗಂಡಹೆಂಡತಿ ಇಬ್ಬರೂ ಪಾಯದ ಕಲ್ಲಿಗೆ ಬಕೆಟ್ಟಿನಿಂದ ನೀರು ಹಾಕುತ್ತಿದ್ದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯವೆಲ್ಲ ಮರೆತುಹೋಗಿ, ಟೇಪು, ಸವೆದ ತುದಿ, ಒಂದರ ಗೆರೆ ಎಂದು ತಲೆಬುಡವಿಲ್ಲದೆ ಹೇಳಿದೆ. ಷಡ್ಡಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾದಿನಿಗೆ ಬೇಗ ಅರ್ಥವಾಯಿತು. ಅವಳು ಬಕೆಟ್ಟು ಕೆಳಗಿಟ್ಟಳು.

"ಭಾವ, ನಿನ್ನೆ ಟೀ ಕುಡೀವಾಗ ಇದು ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

 ಸೆರಗಿನಿಂದ ಕೈ ಒರೆಸಿಕೊಂಡು ರಸ್ತೆಯ ಕಡೆ ನಡೆದಳು. ಬೈದಿದ್ದರೆ ವಾಸಿಯಿತ್ತು.

ಷಡ್ಡಕ ಹಿಂದಿನ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಬೆರಳು ಮಡಚಿದ. "ಇವತ್ತು ಹನ್ನೊಂದು. ಹದಿನೈದರ ಸಂಜೆವರೆಗೂ ಟೈಮಿದೆ. ಒಡೆದು ಒಂದು ಮೀಟರ್ ಒಳಗೆ ಕಟ್ಟಿದ್ರೆ ಲೆಕ್ಕಕ್ಕೆ ಬರುತ್ತಾ?"

"ಮೇಡಂನ ಕೇಳ್ಬೇಕು."

"ಕೇಳಿ ಮತ್ತೆ. ಇಲ್ಲಿ ನಿಂತಿದ್ರೆ ಅವರೇ ಬಂದು ಹೇಳ್ತಾರಾ?"

ಅವನ ದನಿಯಲ್ಲಿ ಮೊದಲ ಸಲ ಒಂದು ಗಡಸು ಕೇಳಿಸಿತು. ನನಗೆ ಸ್ವಲ್ಪ ನೆಮ್ಮದಿಯೇ ಆಯಿತು.

ಕಚೇರಿಯಲ್ಲಿ ಷರಾ ಅಂಕಣ ತುಂಬಿದೆ: ಈ ಸೈಟಿನ ಗೂಟಗಳನ್ನು ನೆಟ್ಟವನು ನಾನು, ತಪ್ಪು ನನ್ನದು, ಮಾಲೀಕ ನನ್ನ ಷಡ್ಡಕ. ಸಹಿ ಹಾಕಿ ಮೇಡಂ ಮುಂದೆ ಪುಸ್ತಕ ಇಟ್ಟೆ. ಅವರು ಎರಡು ಸಲ ಓದಿದರು.

"ಸಂಬಂಧ ಇದ್ರೆ ಹೇಳಿ ಅಂದಿದ್ನಲ್ಲ."

"ಹೌದು ಮೇಡಂ."

"ಯಾಕೆ ಹೇಳ್ಲಿಲ್ಲ? ಅವರಿಗೆ ಅನುಕೂಲ ಮಾಡ್ಕೊಡೋಣ ಅಂತಾನಾ?"

"ಅಲ್ಲ ಮೇಡಂ. ಏನಾದ್ರೂ ಕೊರತೆ ಸಿಗುತ್ತಾ ನೋಡೋಣ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದನ್ನ ಮಾತ್ರ ಬರಹದಲ್ಲಿ ಕೊಡ್ಬೇಡಿ. ಯಾವ ಫೈಲಿಗೆ ಹಾಕ್ಬೇಕು ಅಂತ ನಂಗೆ ಗೊತ್ತಾಗಲ್ಲ," ಎಂದರು. ಆಮೇಲೆ ಕೆಲಸದ ಮಾತು. ಪಟ್ಟಿಯಿಂದ ನನ್ನನ್ನು ತೆಗೆದರು. ನೋಟಿಸು ಕೊಡುತ್ತೇನೆ, ಉತ್ತರ ಬರೆಯಿರಿ ಎಂದರು. ಗೋಡೆಯ ವಿಚಾರ ಕೇಳಿದ್ದಕ್ಕೆ, "ಹದಿನೈದರ ಸಂಜೆ ಹೇಗಿದೆಯೋ ಹಾಗೆ. ಅಳೆಯೋರು ಬೇರೆಯವರು. ನೀವು ಆ ಸೈಟಿಗೆ ಟೇಪು ತಗೊಂಡು ಹೋಗ್ಕೂಡದು," ಎಂದರು.

ಟೇಪು ತೆಗೆದುಕೊಂಡು ಹೋಗಲಿಲ್ಲ. ರಜೆ ಬರೆದುಕೊಟ್ಟು ಬರಿಗೈಯಲ್ಲಿ ಹೋದೆ. ಅವನೂ ರಜೆ ಹಾಕಿದ್ದ. ಮೇಸ್ತ್ರಿ ಮತ್ತು ಅವನ ಇಬ್ಬರು ಆಳುಗಳು ಒಂದು ಮೀಟರ್ ಒಳಗೆ ಪಾಯಕ್ಕೆ ಹೊಸ ಕಾಲುವೆ ತೋಡುತ್ತಿದ್ದರು. ಹಳೆಯ ಗೋಡೆ ಬಿಚ್ಚುವುದು ನಮ್ಮಿಬ್ಬರ ಪಾಲಿಗೆ ಬಂತು. ಅವನು ಒಂದು ಹಾರೆ ನನ್ನ ಕೈಗೆ ಕೊಟ್ಟ.

ನನಗೆ ಅಂಥ ಕೆಲಸ ಅಭ್ಯಾಸವಿಲ್ಲ. ಆದರೂ ಮೊದಲ ಕಲ್ಲು ಸಡಿಲವಾಗಿ ಉರುಳಿದಾಗ ಕೈಗೆ ಎಲ್ಲಿಂದಲೋ ಬಲ ಬಂತು. ಎರಡನೆಯದು, ಮೂರನೆಯದು. ಸಂದಿಗೆ ಹಾರೆ ತೂರಿಸಿ ಮೈಭಾರವೆಲ್ಲ ಬಿಟ್ಟು ಮೀಟುತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದದ್ದೂ ತಿಳಿಯಲಿಲ್ಲ. ಇಷ್ಟು ದಿನ ಹೆಂಡತಿ ಹೊಗಳಿದ ಗೋಡೆ ಇದೇ ತಾನೆ. ಮೇಸ್ತ್ರಿ ಕೆಲಸ ನಿಲ್ಲಿಸಿ, "ಸಾಹೇಬ್ರು ನಮ್ ಹೊಟ್ಟೆ ಮೇಲೆ ಹೊಡೀತಾರೆ," ಎಂದು ಆಳುಗಳಿಗೆ ಹೇಳಿದ್ದು ಕೇಳಿಸಿತು.

ಷಡ್ಡಕ ತನ್ನ ಹಾರೆ ಊರಿ ನಿಂತ. "ಅಣ್ಣ, ಒಂದು ಮಾತು ಕೇಳ್ಲಾ? ಬೇಜಾರಲ್ಲಿ ಒಡೆಯೋರು ಹಿಂಗೆ ಒಡೆಯಲ್ಲ. ನೀವು ಖುಷಿಯಾಗಿ ಒಡೀತಿದೀರಿ."

ಉಸಿರು ಸಾಲದೆ ನಾನು ಕಲ್ಲಿನ ಮೇಲೆ ಕೂತೆ. ಸುಳ್ಳು ಹೇಳಲು ಬೇಕಾದಷ್ಟೂ ಉಸಿರು ಉಳಿದಿರಲಿಲ್ಲ. "ಹೊಟ್ಟೆಕಿಚ್ಚು ಕಣಪ್ಪ," ಎಂದೆ.

"ಅದು ಗೊತ್ತು."

"ಯಾವಾಗಿಂದ?"

"ನನ್ ಮದುವೆ ದಿನದಿಂದ. ಊಟಕ್ಕೆ ಕೂತಾಗ ನನ್ ಎಲೇನೇ ನೋಡ್ತಾ ಇದ್ರಿ." ನಗಲಿಲ್ಲ. "ಟೀ ಕುಡಿದು ಹೋದ್ರಲ್ಲ, ಅದು ಮಾತ್ರ ಗೊತ್ತಿರಲಿಲ್ಲ. ನನ್ ಹೆಂಡ್ತಿ ಅದನ್ನ ಮರೆಯಲ್ಲ. ನಾನೂ ಸ್ವಲ್ಪ ದಿನ ಮರೆಯಲ್ಲ."

"ಮರೀಬೇಡ."

"ಏಳಿ. ಇನ್ನೂ ಅರ್ಧ ಗೋಡೆ ಇದೆ."

ನಾಲ್ಕು ದಿನ ಹಾಗೇ ನಡೆಯಿತು. ಕೆಲಸ ಮಾಡುವಾಗ ಅವನ ಮೇಲೆ ಮತ್ತೆ ಮತ್ತೆ ಹೊಟ್ಟೆ ಉರಿಯಿತು, ಅದನ್ನೂ ಬರೆಯಬೇಕು. ಒಡೆಯಲು ಅವನಿಗೊಂದು ಗೋಡೆಯಾದರೂ ಇತ್ತು. ನಾನು ಅಷ್ಟು ದೊಡ್ಡ ತಪ್ಪು ಮಾಡಿದರೂ ಎದುರಿಗೆ ನಿಂತು ಎರಡೇ ಮಾತಲ್ಲಿ ಮುಗಿಸಿದ. ಅವನು ನನಗೆ ಹೀಗೆ ಮಾಡಿದ್ದರೆ ನಾನು ಹತ್ತು ವರ್ಷ ಮೆಲುಕು ಹಾಕುತ್ತಿದ್ದೆ. ನಾದಿನಿ ದಿನಾ ಊಟ ತಂದಳು. ನನ್ನ ತಟ್ಟೆಗೂ ಬಡಿಸಿದಳು, ಮುಖ ನೋಡದೆ.

ಹದಿನೈದರ ಸಂಜೆ ಹಲ್ಲುನೋವಿನ ಸಹೋದ್ಯೋಗಿ ಕೆನ್ನೆ ಊದಿಸಿಕೊಂಡೇ ಬಂದ. ನಾನು ರಸ್ತೆಯ ಆಚೆ ಬದಿ ಹೆಂಡತಿಯ ಪಕ್ಕದಲ್ಲಿ ನಿಂತೆ. ಅವನು ಹೊಸ ಗೋಡೆಯ ಎರಡೂ ತುದಿಯಲ್ಲಿ ಅಳೆದ, ಮುಂದಿನಿಂದ ಹಿಂದಕ್ಕೂ ಅಳೆದು ತಾಳೆ ನೋಡಿದ. ಮೂರು ಮೀಟರ್, ಎರಡು ಸೆಂಟಿಮೀಟರ್. ಪುಸ್ತಕ ಮುಚ್ಚಿ ಷಡ್ಡಕನ ಸಹಿ ತೆಗೆದುಕೊಂಡು ಹೋದ. ಅವನ ಮನೆ ಉಳಿಯಿತು. ನನ್ನ ಹೆಂಡತಿ ರಸ್ತೆ ದಾಟಿ ತಂಗಿಯ ಹತ್ತಿರ ಹೋದಳು. ಇಬ್ಬರೂ ಚಿಕ್ಕದಾದ ಅಡುಗೆಮನೆಯ ಗೆರೆಯೊಳಗೆ ನಿಂತು ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ. ಆ ಕೋಣೆ ಈಗ ನಕ್ಷೆಯಲ್ಲಿದ್ದಷ್ಟೇ ಇತ್ತು. ಆದರೂ ನನಗೆ ದೊಡ್ಡದಾಗಿಯೇ ಕಂಡಿತು.

ಮರುವಾರ ಹಳೆಯ ಗೋಡೆಯ ಉಳಿದ ಕಲ್ಲುಗಳನ್ನು ಅವನು ಒಂದು ಗಾಡಿಯಲ್ಲಿ ತಂದು ನಮ್ಮ ಸೈಟಿನಲ್ಲಿ ಸುರಿಸಿದ. ಕೇಳಲೂ ಇಲ್ಲ. "ಮುಂದೆ ನಿಮ್ಮ ಪಾಯಕ್ಕೆ ಆಗುತ್ತೆ. ಇಲ್ಲಿದ್ರೆ ನಂಗೆ ಕಾಲಿಗೆ ತೊಡರುತ್ತೆ," ಎಂದು ಹೊರಟ. ಬೇಡ ಎನ್ನಲು ಬಾಯಿ ತೆರೆದೆ. ಕೊಡುವುದರಲ್ಲೂ ಅವನೇ ಮುಂದಾದನಲ್ಲ ಎನ್ನಿಸಿತು. ಬೇಡ ಎನ್ನಲಿಲ್ಲ.

ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮೊಣಕಾಲೆತ್ತರದ ಗುಡ್ಡೆ. ಸುತ್ತಲೂ ಒಂಬತ್ತು ವರ್ಷದ ಕಳೆ.

"ಕಲ್ಲು ಹಾಕಿಟ್ಕೊಳ್ಳೋಕೆ ಪರವಾನಗಿ ಬೇಕಾ?" ಎಂದಳು.

"ಬೇಡ. ಕಟ್ಟಿದ್ರೆ ಮಾತ್ರ."

"ಸರಿ ಮತ್ತೆ," ಎಂದು ಒಂದು ಚಪ್ಪಟೆ ಕಲ್ಲು ಆರಿಸಿ, ಕೈಯಿಂದ ಮಣ್ಣು ಒರೆಸಿ, ಅದರ ಮೇಲೆ ಕೂತಳು. ನನಗೂ ಪಕ್ಕದಲ್ಲಿ ಜಾಗ ಬಿಟ್ಟಳು. ಮೂರು ಸೈಟು ಆಚೆ ಮೇಸ್ತ್ರಿ ಮೊದಲ ಸಾಲು ಇಟ್ಟಿಗೆಗೆ ದಾರ ಕಟ್ಟುತ್ತಿದ್ದ. ಇಬ್ಬರೂ ಕೂತು ಅದನ್ನೇ ನೋಡಿದೆವು.